ಕೃಷಿ ಸಂಶೋಧನೆಯಲ್ಲಿ ಉತ್ತಮ ಪ್ರಯೋಗಾಲಯ ಪದ್ಧತಿಯ ತರಬೇತಿ

ಉತ್ತಮ ಪ್ರಯೋಗಾಲಯ ಪದ್ಧತಿ (ಸಂಕ್ಷಿಪ್ತವಾಗಿ ಜಿಎಲ್‌ಪಿ) ಎಂಬುದು ಆರೋಗ್ಯ ಮತ್ತು ಪರಿಸರ ಸುರಕ್ಷತೆಗೆ ಸಂಬಂಧಿಸಿದ ಅಧ್ಯಯನಗಳನ್ನು ಯೋಜಿಸುವ, ನಡೆಸುವ, ದಾಖಲಿಸುವ, ವರದಿ ಮಾಡುವ ಹಾಗೂ ಅವುಗಳ ದಾಖಲೆಗಳನ್ನು ಕಾಪಿಡುವ ಕ್ರಮವನ್ನು ನಿರ್ದೇಶಿಸುವ ಒಂದು ಗುಣಮಟ್ಟ ವ್ಯವಸ್ಥೆ. ಮನುಷ್ಯರ ಮೇಲೆ ನಡೆಸುವ ಚಿಕಿತ್ಸಾ ಪ್ರಯೋಗಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಕೃಷಿ ಕ್ಷೇತ್ರದಲ್ಲಿ ಪೀಡೆನಾಶಕಗಳ ವಿಷಪ್ರಭಾವ, ಆಹಾರ ಬೆಳೆಗಳಲ್ಲಿ ಅವುಗಳ ಉಳಿಕೆ, ಮಣ್ಣು ಮತ್ತು ನೀರಿನಲ್ಲಿ ಅವುಗಳ ವಿಘಟನೆ ಮೊದಲಾದ ಅಧ್ಯಯನಗಳಿಗೆ ಈ ಪದ್ಧತಿ ಅನ್ವಯವಾಗುತ್ತದೆ. ನಿಯಂತ್ರಣ ಪ್ರಾಧಿಕಾರಗಳಿಗೆ ಸಲ್ಲಿಸಬೇಕಾದ ಅಧ್ಯಯನಗಳಿಗಾಗಿ ರೂಪುಗೊಂಡ ಈ ವ್ಯವಸ್ಥೆಯ ಮೂಲತತ್ತ್ವಗಳನ್ನು ಕೃಷಿ ವಿಜ್ಞಾನಿಗಳಿಗೂ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಕಲಿಸುವ ತರಬೇತಿಗಳು ಇಂದು ರೂಢಿಯಲ್ಲಿವೆ.

ಬಿಳಿ ಕೋಟು, ಕೈಗವಸು, ಕಣ್ಣಿನ ರಕ್ಷಾಕವಚ ಮುಂತಾದ ಸುರಕ್ಷತಾ ನಿಯಮಗಳೇ ಉತ್ತಮ ಪ್ರಯೋಗಾಲಯ ಪದ್ಧತಿ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಸುರಕ್ಷತೆ ಅದರ ಜೊತೆಗೆ ಬರುವ ವಿಷಯವೇ ಹೊರತು ಅದರ ತಿರುಳಲ್ಲ. ಅಧ್ಯಯನದಲ್ಲಿ ಪಾಲ್ಗೊಳ್ಳದ ಮತ್ತೊಬ್ಬ ವ್ಯಕ್ತಿಯು ಹಲವು ವರ್ಷಗಳ ನಂತರ ದಾಖಲೆಗಳನ್ನಷ್ಟೇ ನೋಡಿ, ಅಂದು ಏನು ನಡೆಯಿತೆಂಬುದನ್ನು ಹಂತಹಂತವಾಗಿ ಮರುರಚಿಸಲು ಸಾಧ್ಯವಾಗಬೇಕು ಎಂಬುದೇ ಈ ಪದ್ಧತಿಯ ಮುಖ್ಯ ನಿರೀಕ್ಷೆ.

ಹಿನ್ನೆಲೆ

ಪ್ರಯೋಗಾಲಯಗಳ ಕಾರ್ಯವಿಧಾನವನ್ನು ಕಾನೂನಿನ ಚೌಕಟ್ಟಿಗೆ ತರುವ ಪ್ರಯತ್ನ 1972ರಲ್ಲಿ ನ್ಯೂಜಿಲೆಂಡ್ ಮತ್ತು ಡೆನ್ಮಾರ್ಕ್ ದೇಶಗಳಲ್ಲಿ ಆರಂಭವಾಯಿತು. ಆದರೆ ಜಗತ್ತಿನ ಗಮನ ಈ ಕಡೆ ಹರಿದುದು ಅಮೆರಿಕದಲ್ಲಿ ಬಯಲಾದ ಹಗರಣಗಳಿಂದ. ಇಲಿನಾಯ್ ರಾಜ್ಯದ ನಾರ್ತ್‌ಬ್ರೂಕ್‌ನಲ್ಲಿದ್ದ ಇಂಡಸ್ಟ್ರಿಯಲ್ ಬಯೋ-ಟೆಸ್ಟ್ ಲ್ಯಾಬೊರೇಟರೀಸ್ ಎಂಬ ಸಂಸ್ಥೆ ಆ ದೇಶದ ವಿಷವೈಜ್ಞಾನಿಕ ಪರೀಕ್ಷೆಗಳಲ್ಲಿ ಬಹುದೊಡ್ಡ ಪಾಲನ್ನು ನಡೆಸುತ್ತಿತ್ತು. 1976ರಲ್ಲಿ ಆಹಾರ ಮತ್ತು ಔಷಧ ಆಡಳಿತದ ರೋಗಶಾಸ್ತ್ರಜ್ಞ ಏಡ್ರಿಯನ್ ಗ್ರಾಸ್ ಅಲ್ಲಿನ ವರದಿಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿನ ಅಂಕಿ-ಅಂಶಗಳು ನಂಬಲಾಗದಂತಿರುವುದು ಕಂಡುಬಂತು. ತನಿಖೆ ಮುಂದುವರಿದಂತೆ, ಇಲಿಗಳಿಗೆ ನೀರು ಹಾಯಿಸುವ ವ್ಯವಸ್ಥೆ ಕೆಟ್ಟು ಕೊಠಡಿಯೊಂದು ಜೌಗಿನಂತಾಗಿದ್ದುದು, ಸತ್ತ ಪ್ರಾಣಿಗಳು ಪರೀಕ್ಷಿಸಲಾಗದಷ್ಟು ಕೊಳೆತಿದ್ದುದು, ಆದರೂ ಅಂತಿಮ ವರದಿಗಳಲ್ಲಿ ಎಲ್ಲವೂ ಸರಿಯಾಗಿ ನಡೆದಂತೆ ಬರೆದಿದ್ದುದು ಹೊರಬಂತು. 1983ರಲ್ಲಿ ಸಂಸ್ಥೆಯ ಮೂವರು ಮಾಜಿ ಅಧಿಕಾರಿಗಳು ತಪ್ಪಿತಸ್ಥರೆಂದು ತೀರ್ಮಾನವಾಯಿತು.

ಕೃಷಿಯ ದೃಷ್ಟಿಯಿಂದ ಈ ಪ್ರಕರಣಕ್ಕೆ ವಿಶೇಷ ಮಹತ್ವವಿದೆ. ಆ ಸಂಸ್ಥೆಯ ವರದಿಗಳನ್ನು ಆಧರಿಸಿ ಅನೇಕ ಪೀಡೆನಾಶಕಗಳು ನೋಂದಣಿ ಪಡೆದಿದ್ದವು. ಹೀಗಾಗಿ ಅಮೆರಿಕ ಮತ್ತು ಕೆನಡಾದ ಅಧಿಕಾರಿಗಳು ಹೊಲಗಳಲ್ಲಿ ಆಗಲೇ ಬಳಕೆಯಲ್ಲಿದ್ದ ರಾಸಾಯನಿಕಗಳ ಸುರಕ್ಷತಾ ಅಧ್ಯಯನಗಳನ್ನು ಹಿಂದಿರುಗಿ ಪರಿಶೀಲಿಸಬೇಕಾಯಿತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1978ರ ಡಿಸೆಂಬರ್‌ನಲ್ಲಿ ಉತ್ತಮ ಪ್ರಯೋಗಾಲಯ ಪದ್ಧತಿಯ ನಿಯಮಗಳನ್ನು ಪ್ರಕಟಿಸಿತು. ಅವು 1979ರ ಜೂನ್‌ನಲ್ಲಿ ಜಾರಿಗೆ ಬಂದವು. ಪೀಡೆನಾಶಕಗಳಿಗಾಗಿ ಪರಿಸರ ಸಂರಕ್ಷಣಾ ಸಂಸ್ಥೆಯು 1983ರಲ್ಲಿ ಪ್ರತ್ಯೇಕ ನಿಯಮಗಳನ್ನು ರೂಪಿಸಿ, 1989ರಲ್ಲಿ ಅವುಗಳನ್ನು ಹೊಲದಲ್ಲಿ ನಡೆಯುವ ಅಧ್ಯಯನಗಳಿಗೂ ವಿಸ್ತರಿಸಿತು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು (ಒಇಸಿಡಿ) 1981ರಲ್ಲಿ ಅಂಗೀಕರಿಸಿ 1997ರಲ್ಲಿ ಪರಿಷ್ಕರಿಸಿದ ತತ್ತ್ವಗಳು ಈಗ ಹೆಚ್ಚಿನ ದೇಶಗಳಿಗೆ ಆಧಾರವಾಗಿವೆ. ಒಂದು ಸದಸ್ಯ ದೇಶದಲ್ಲಿ ಈ ತತ್ತ್ವಗಳಂತೆ ನಡೆದ ಅಧ್ಯಯನವನ್ನು ಇತರ ಸದಸ್ಯ ದೇಶಗಳು ಮರುಪರೀಕ್ಷೆಯಿಲ್ಲದೆ ಒಪ್ಪಬೇಕೆಂಬ ಪರಸ್ಪರ ದತ್ತಾಂಶ ಸ್ವೀಕಾರದ ಒಪ್ಪಂದವೂ 1981ರದೇ.

ಹೊಣೆಗಾರಿಕೆಯ ಹಂಚಿಕೆ

ಈ ಪದ್ಧತಿಯಲ್ಲಿ ಪ್ರತಿ ಅಧ್ಯಯನಕ್ಕೂ ಒಬ್ಬನೇ ಅಧ್ಯಯನ ನಿರ್ದೇಶಕನಿರುತ್ತಾನೆ. ಕೆಲಸ ಹಲವು ಸ್ಥಳಗಳಲ್ಲಿ ನಡೆದರೂ ಅಂತಿಮ ಹೊಣೆ ಅವನದೇ. ದೂರದ ಹೊಲ ಅಥವಾ ಪ್ರಯೋಗಾಲಯದ ಭಾಗವನ್ನು ಅವನ ಪರವಾಗಿ ಪ್ರಧಾನ ತನಿಖಾಧಿಕಾರಿಯೊಬ್ಬನು ನೋಡಿಕೊಳ್ಳುತ್ತಾನೆ. ಕೆಲಸ ಆರಂಭವಾಗುವ ಮೊದಲೇ ಲಿಖಿತ ಅಧ್ಯಯನ ಯೋಜನೆ ಸಿದ್ಧವಾಗಿ ಸಹಿಯಾಗಿರಬೇಕು. ತೂಕ ಮಾಡುವುದು, ಗಾಜಿನ ಸಾಮಾನು ತೊಳೆಯುವುದು ಮೊದಲಾದ ನಿತ್ಯದ ಕೆಲಸಗಳಿಗೂ ಲಿಖಿತ ಪ್ರಮಾಣಿತ ಕಾರ್ಯವಿಧಾನಗಳಿರಬೇಕು. ಅಧ್ಯಯನದಲ್ಲಿ ಭಾಗಿಯಾಗದ ಗುಣಮಟ್ಟ ಖಾತರಿ ವಿಭಾಗವು ಇವೆಲ್ಲವನ್ನೂ ಸ್ವತಂತ್ರವಾಗಿ ತಪಾಸಣೆ ಮಾಡುತ್ತದೆ.

ಕೃಷಿ ವಿಶ್ವವಿದ್ಯಾನಿಲಯದ ವಿಭಾಗವೊಂದರಲ್ಲಿ ಇಂತಹ ಹಂಚಿಕೆ ಸಹಜವಾಗಿ ಇರುವುದಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಯೇ ತಾಕು ಹಾಕಿ, ಸಿಂಪಡಿಸಿ, ಮಾದರಿ ತಂದು, ವಿಶ್ಲೇಷಿಸಿ, ಲೆಕ್ಕ ಹಾಕಿ, ಮಹಾಪ್ರಬಂಧ ಬರೆಯುತ್ತಾನೆ. ಅವನ ಕೆಲಸವನ್ನು ಪರಿಶೀಲಿಸುವ ಮಾರ್ಗದರ್ಶಕರಿಗೂ ಅದೇ ಸಂಶೋಧನೆಯ ಫಲಿತಾಂಶದಲ್ಲಿ ಆಸಕ್ತಿಯಿರುತ್ತದೆ. ಆದ್ದರಿಂದ ವಿದ್ಯಾರ್ಥಿಗಳ ತರಬೇತಿಯಲ್ಲಿ ಹುದ್ದೆಗಳ ಪಟ್ಟಿಗಿಂತ ದಾಖಲೆಯ ಶಿಸ್ತಿಗೆ ಹೆಚ್ಚು ಸಮಯ ಕೊಡುವುದು ಉಚಿತ.

ಮೂಲ ದತ್ತಾಂಶ

ಅಳತೆಯನ್ನು ಮೊತ್ತಮೊದಲು ಎಲ್ಲಿ ಬರೆದುಕೊಳ್ಳಲಾಯಿತೋ ಅದೇ ಮೂಲ ದತ್ತಾಂಶ. ತಕ್ಕಡಿಯ ಪಕ್ಕದಲ್ಲಿ ಹರಿದ ಚೀಟಿಯ ಮೇಲೆ ತೂಕವನ್ನು ಗೀಚಿ, ಸಂಜೆ ಅದನ್ನು ಅಂದವಾದ ಅಕ್ಷರಗಳಲ್ಲಿ ಪುಸ್ತಕಕ್ಕೆ ನಕಲು ಮಾಡಿ, ಚೀಟಿಯನ್ನು ಬುಟ್ಟಿಗೆ ಹಾಕುವುದು ಬಹಳ ಕಡೆ ಕಾಣುವ ಅಭ್ಯಾಸ. ಈ ಪದ್ಧತಿಯ ಪ್ರಕಾರ ಅಲ್ಲಿ ಎಸೆದುಹೋದದ್ದೇ ಮೂಲ ದತ್ತಾಂಶ. ಪುಸ್ತಕದಲ್ಲಿರುವುದು ಬರಿಯ ನಕಲು. ಅನಿವಾರ್ಯವಾಗಿ ಚೀಟಿಯಲ್ಲಿ ಬರೆದಿದ್ದರೆ ಅದಕ್ಕೆ ದಿನಾಂಕ ಮತ್ತು ಸಹಿ ಹಾಕಿ ಪುಸ್ತಕಕ್ಕೆ ಅಂಟಿಸಬೇಕು. ಅಂದವಾದ ಪುಸ್ತಕಕ್ಕೆ ಹೆಚ್ಚು ಅಂಕ ಕೊಡುವ ಶಾಲಾ ದಿನಗಳ ಸಂಸ್ಕಾರವೇ ಇಲ್ಲಿ ದೊಡ್ಡ ಅಡ್ಡಿ ಎನ್ನಬಹುದು.

ತಪ್ಪಿದ ಅಂಕಿಯನ್ನು ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ, ಅದರ ಮೇಲೆಯೇ ಮತ್ತೊಂದು ಅಂಕಿಯನ್ನು ತಿದ್ದಿ ಬರೆಯುವಂತಿಲ್ಲ. ಹಳೆಯದು ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ದಿನಾಂಕ, ಸಹಿ ಮತ್ತು ಬದಲಾವಣೆಯ ಕಾರಣವನ್ನು ನಮೂದಿಸಬೇಕು. ಪೆನ್ಸಿಲ್ ಬಳಕೆಗೆ ಅವಕಾಶವಿಲ್ಲ. ಉಪಕರಣದಿಂದ ಉಷ್ಣಕಾಗದದ ಮೇಲೆ ಬರುವ ಮುದ್ರಣ ಕೆಲವು ತಿಂಗಳಲ್ಲೇ ಮಾಸುವುದರಿಂದ ಅದರ ಛಾಯಾಪ್ರತಿ ತೆಗೆದು ದೃಢೀಕರಿಸಿ ಇಡಬೇಕಾಗುತ್ತದೆ.

ಇಂತಹ ದಾಖಲೆಯ ಗುಣಗಳನ್ನು ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ‘ಅಲ್ಕೋವಾ’ ಎಂದು ಕರೆಯುವ ರೂಢಿಯಿದೆ: ಬರೆದವರು ಯಾರೆಂದು ತಿಳಿಯಬೇಕು, ಓದಲು ಬರಬೇಕು, ಕೆಲಸ ನಡೆದಾಗಲೇ ಬರೆದಿರಬೇಕು, ಮೂಲವಾಗಿರಬೇಕು, ನಿಖರವಾಗಿರಬೇಕು. ಇವುಗಳಲ್ಲಿ ಮೂರನೆಯದು ಅತ್ಯಂತ ಹೆಚ್ಚು ಮುರಿಯಲ್ಪಡುವ ನಿಯಮ. ವಾರದ ಕೊನೆಗೆ ನೆನಪಿನಿಂದ ತುಂಬಿದ ಶೀತಕಪೆಟ್ಟಿಗೆಯ ಉಷ್ಣತಾ ಪಟ್ಟಿಯಲ್ಲಿ ಎಲ್ಲ ದಿನಗಳೂ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಇರುತ್ತವೆ. ಅನುಭವಿ ತಪಾಸಕನಿಗೆ ಅಷ್ಟು ಸಾಕು.

ತರಬೇತಿಯಲ್ಲಿ ಉಪಯುಕ್ತವಾದ ಒಂದು ಅಭ್ಯಾಸವಿದೆ. ವಿದ್ಯಾರ್ಥಿಗಳು ತಮ್ಮ ಪ್ರಯೋಗ ಪುಸ್ತಕಗಳನ್ನು ಅದಲುಬದಲು ಮಾಡಿಕೊಂಡು, ಸಹಪಾಠಿಯ ಒಂದು ಕೋಷ್ಟಕದಲ್ಲಿನ ಒಂದು ಅಂಕಿಯನ್ನು ಹಿಡಿದು ಹಿಂದಕ್ಕೆ ಹೋಗಬೇಕು: ಈ ಅಂಕಿ ಯಾವ ಲೆಕ್ಕದಿಂದ ಬಂತು, ಆ ಲೆಕ್ಕಕ್ಕೆ ಯಾವ ಓದಿಕೆ ಆಧಾರ, ಆ ದಿನ ದ್ರಾವಣವನ್ನು ಯಾರು ತಯಾರಿಸಿದರು, ತಕ್ಕಡಿಯನ್ನು ಪರೀಕ್ಷಿಸಲಾಗಿತ್ತೇ, ಮಾದರಿ ಯಾವ ತಾಕಿನದು. ಬರೆದವನನ್ನು ಕೇಳುವಂತಿಲ್ಲ. ದಾರಿ ಎಲ್ಲಿ ಕಡಿದುಹೋಗುತ್ತದೋ ಅಲ್ಲಿ ದಾಖಲೆಯ ಕೊರತೆಯಿದೆ ಎಂದರ್ಥ.

ಮಣ್ಣು ಪರೀಕ್ಷೆಯ ಒಂದು ಉದಾಹರಣೆ

ಒಂದು ಸಣ್ಣ ವಿವರ ದಾಖಲಾಗದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಮಣ್ಣಿನ ಸಾವಯವ ಇಂಗಾಲದ ಅಳತೆ ಒಳ್ಳೆಯ ನಿದರ್ಶನ. ವಾಕ್ಲಿ ಮತ್ತು ಬ್ಲ್ಯಾಕ್ 1934ರಲ್ಲಿ ಪ್ರಕಟಿಸಿದ ವಿಧಾನವು ಭಾರತದ ಮಣ್ಣು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಸಾಂದ್ರ ಗಂಧಕಾಮ್ಲ ಬೆರೆತಾಗ ಹುಟ್ಟುವ ಶಾಖದಿಂದಲೇ ಇಂಗಾಲ ಉತ್ಕರ್ಷಣಗೊಳ್ಳುವ ಈ ವಿಧಾನದಲ್ಲಿ ಮಣ್ಣಿನ ಎಲ್ಲ ಇಂಗಾಲವೂ ವರ್ತಿಸುವುದಿಲ್ಲ. ಸರಾಸರಿ ಶೇಕಡಾ 77ರಷ್ಟು ಮಾತ್ರ ಅಳತೆಗೆ ಸಿಗುತ್ತದೆಂದು ಭಾವಿಸಿ, ಬಂದ ಫಲಿತಾಂಶವನ್ನು 1.3ರಿಂದ ಗುಣಿಸುವ ಕ್ರಮವಿದೆ. ಕೆಲವರು ಗುಣಿಸುತ್ತಾರೆ, ಕೆಲವರು ಗುಣಿಸುವುದಿಲ್ಲ.

ಭಾರತದಲ್ಲಿ ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆಯಿದ್ದರೆ ‘ಕಡಿಮೆ’, 0.5ರಿಂದ 0.75ರವರೆಗೆ ‘ಮಧ್ಯಮ’, ಅದಕ್ಕಿಂತ ಹೆಚ್ಚಿದ್ದರೆ ‘ಹೆಚ್ಚು’ ಎಂದು ವರ್ಗೀಕರಿಸಲಾಗುತ್ತದೆ. ಗುಣಿಸದೆ 0.45 ಎಂದು ಬಂದ ಮಣ್ಣು ‘ಕಡಿಮೆ’ ವರ್ಗದ್ದು. ಅದೇ ಮಣ್ಣು ಗುಣಿಸಿದಾಗ 0.585 ಆಗಿ ‘ಮಧ್ಯಮ’ ವರ್ಗಕ್ಕೆ ಸೇರುತ್ತದೆ. ಸಾರಜನಕ ಗೊಬ್ಬರದ ಶಿಫಾರಸಿಗೆ ಈ ವರ್ಗವೇ ಆಧಾರವಾಗುವಲ್ಲಿ ರೈತ ಖರ್ಚು ಮಾಡುವ ಹಣವೂ ಬದಲಾಗುತ್ತದೆ. ಹತ್ತು ವರ್ಷ ಹಿಂದಿನ ಮಹಾಪ್ರಬಂಧವೊಂದರ ಅಂಕಿಯನ್ನು ಇಂದಿನದರೊಂದಿಗೆ ಹೋಲಿಸಿ ಮಣ್ಣಿನ ಇಂಗಾಲ ಏರಿತು ಅಥವಾ ಇಳಿಯಿತು ಎಂದು ಹೇಳಹೊರಟವರಿಗೂ, ಅಂದು ಗುಣಿಸಲಾಗಿತ್ತೇ ಎಂಬ ಒಂದು ಸಾಲು ಸಿಗದಿದ್ದರೆ ಹೋಲಿಕೆಯೇ ಅಸಾಧ್ಯ. ಮಣ್ಣನ್ನು ಎಷ್ಟು ಮಿಲಿಮೀಟರ್ ಜರಡಿಯಲ್ಲಿ ಜರಡಿ ಹಿಡಿಯಲಾಯಿತು, ಮಾದರಿ ತೆಗೆದ ಆಳವೆಷ್ಟು, ಲೆಕ್ಕ ಗಾಳಿಯಲ್ಲಿ ಒಣಗಿದ ಮಣ್ಣಿಗೋ ಒಲೆಯಲ್ಲಿ ಒಣಗಿಸಿದ ಮಣ್ಣಿಗೋ ಎಂಬವುಗಳೂ ಇಂಥವೇ.

ಹೊಲದಿಂದ ಪ್ರಯೋಗಾಲಯದವರೆಗೆ

ಕೃಷಿ ಸಂಶೋಧನೆಯಲ್ಲಿ ಪ್ರಯೋಗಾಲಯದ ಗೋಡೆ ಹೊಲದ ಬದುವಿನವರೆಗೂ ಚಾಚಿರುತ್ತದೆ. ಪೀಡೆನಾಶಕ ಉಳಿಕೆಯ ಅಧ್ಯಯನದಲ್ಲಿ ಸಿಂಪರಣಾ ಯಂತ್ರದ ನಳಿಕೆ ನಿಮಿಷಕ್ಕೆ ಎಷ್ಟು ದ್ರವ ಹೊರಬಿಡುತ್ತದೆ, ಸಿಂಪಡಿಸುವವನ ನಡಿಗೆಯ ವೇಗವೆಷ್ಟು ಎಂಬುದನ್ನು ಅಂದೇ ಅಳೆದು ಬರೆಯಬೇಕು. ಗಾಳಿಯ ದಿಕ್ಕು, ಉಷ್ಣತೆ, ಸಿಂಪರಣೆಯ ನಂತರ ಮಳೆ ಬಿದ್ದ ಹೊತ್ತು ದಾಖಲಾಗಬೇಕು. ಕೊಯ್ಲಿನಲ್ಲಿ ಸಿಂಪಡಿಸದ ತಾಕಿನ ಮಾದರಿಯನ್ನು ಮೊದಲು ತೆಗೆದು, ಸಿಂಪಡಿಸಿದ ತಾಕಿಗೆ ಅನಂತರ ಹೋಗಬೇಕು. ಕ್ರಮ ತಲೆಕೆಳಗಾದರೆ ಕೈ, ಕುಡುಗೋಲು, ಚೀಲಗಳ ಮೂಲಕ ಶುದ್ಧ ಮಾದರಿಯೂ ಕಲುಷಿತವಾಗುತ್ತದೆ.

ಈ ಎಚ್ಚರ ಅತಿಯಾಯಿತೆಂದು ಅನ್ನಿಸುವವರಿಗೆ ಒಂದು ಲೆಕ್ಕ ಸಾಕು. ಯುರೋಪಿಯನ್ ಒಕ್ಕೂಟದಲ್ಲಿ ಪ್ರತ್ಯೇಕ ಮಿತಿ ನಿಗದಿಯಾಗದ ಪೀಡೆನಾಶಕಗಳಿಗೆ ಅನ್ವಯಿಸುವ ಸಾಮಾನ್ಯ ಮಿತಿ ಕಿಲೋಗ್ರಾಂಗೆ 0.01 ಮಿಲಿಗ್ರಾಂ. ಶೇಕಡಾ 20ರ ದ್ರವರೂಪದ ಪೀಡೆನಾಶಕದ ಒಂದು ಮಿಲಿಲೀಟರ್‌ನಲ್ಲಿ ಸುಮಾರು 200 ಮಿಲಿಗ್ರಾಂ ಸಕ್ರಿಯ ವಸ್ತುವಿರುತ್ತದೆ. ಅಂದರೆ ಒಂದು ಮೈಕ್ರೋಲೀಟರ್‌ನಲ್ಲಿ 0.2 ಮಿಲಿಗ್ರಾಂ. ಒಂದು ಹನಿಯ ಸುಮಾರು ಐವತ್ತನೆಯ ಒಂದು ಪಾಲಾದ ಇಷ್ಟು ದ್ರವ ಕೈಗವಸಿನಿಂದ ದಾಟಿದರೂ 20 ಕಿಲೋಗ್ರಾಂ ತರಕಾರಿಯನ್ನು ಮಿತಿಯ ಅಂಚಿಗೆ ಒಯ್ಯಲು ಸಾಕು. ದ್ರಾವಣ ಬೆರೆಸಿದವನೇ ಅದೇ ಬಟ್ಟೆಯಲ್ಲಿ ಮಾದರಿ ಸಂಗ್ರಹಿಸಬಾರದೆಂಬ ನಿಯಮದ ಹಿಂದೆ ಇರುವುದು ಈ ಲೆಕ್ಕವೇ.

ಮಾದರಿ ಹೊಲ ಬಿಟ್ಟ ಕ್ಷಣದಿಂದ ಅದು ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ, ಯಾವ ಉಷ್ಣತೆಯಲ್ಲಿ ಹೋಯಿತೆಂಬ ಹಸ್ತಾಂತರ ಪತ್ರ ಅದರ ಜೊತೆಗಿರಬೇಕು. ಉಳಿಕೆಯ ಮಾದರಿಗಳನ್ನು ಸಾಮಾನ್ಯವಾಗಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಕಾಪಿಡಲಾಗುತ್ತದೆ. ವಿದ್ಯುತ್ ಕಡಿತ ಸಾಮಾನ್ಯವಾಗಿರುವ ಊರುಗಳಲ್ಲಿ ಜನರೇಟರ್ ಎಷ್ಟು ಹೊತ್ತಿಗೆ ಚಾಲೂ ಆಯಿತು, ಅಷ್ಟರಲ್ಲಿ ಪೆಟ್ಟಿಗೆಯ ಉಷ್ಣತೆ ಎಲ್ಲಿಗೆ ಏರಿತ್ತು ಎಂಬುದೂ ಅಧ್ಯಯನದ ಭಾಗವೇ. ಲೇಬಲನ್ನು ಮುಚ್ಚಳದ ಮೇಲೆ ಮಾತ್ರ ಅಂಟಿಸುವುದು ಮತ್ತೊಂದು ಸಾಮಾನ್ಯ ತಪ್ಪು. ಎರಡು ಮುಚ್ಚಳಗಳು ಒಟ್ಟಿಗೆ ತೆರೆದ ಮೇಜಿನ ಮೇಲೆ ಮಾದರಿಗಳ ಗುರುತು ಉಳಿಯುವುದಿಲ್ಲ.

ವಿಶ್ಲೇಷಣೆಯ ಹಂತದಲ್ಲಿ 2003ರಲ್ಲಿ ಪ್ರಕಟವಾದ ಕ್ವೆಚರ್ಸ್ ವಿಧಾನ ಈಗ ಪ್ರಚಲಿತವಾಗಿದೆ. ಅದರ ಮೂಲರೂಪದಲ್ಲಿ 10 ಗ್ರಾಂ ಮಾದರಿಯನ್ನು 10 ಮಿಲಿಲೀಟರ್ ಅಸಿಟೋನೈಟ್ರೈಲ್‌ನೊಂದಿಗೆ ಕುಲುಕಿ, ಮೆಗ್ನೀಸಿಯಂ ಸಲ್ಫೇಟ್ ಮತ್ತು ಉಪ್ಪು ಸೇರಿಸಿ ಬೇರ್ಪಡಿಸಲಾಗುತ್ತದೆ. ಶುದ್ಧ ಮಾದರಿಗೆ ತಿಳಿದಷ್ಟು ಪೀಡೆನಾಶಕ ಬೆರೆಸಿ, ಅದರಲ್ಲಿ ಎಷ್ಟು ಪಾಲು ಮರಳಿ ಸಿಗುತ್ತದೆಂದು ನೋಡುವ ಪರೀಕ್ಷೆಯಲ್ಲಿ ಸರಾಸರಿ ಶೇಕಡಾ 70ರಿಂದ 120ರ ನಡುವೆ ಬಂದರೆ ವಿಧಾನ ಸ್ವೀಕಾರಾರ್ಹವೆಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಈ ವ್ಯಾಪ್ತಿಗೆ ಹೊರಗೆ ಬಂದ ಫಲಿತಾಂಶವನ್ನು ಬಿಟ್ಟು ಮತ್ತೆ ಮಾಡಿ, ಚೆನ್ನಾಗಿ ಬಂದುದನ್ನಷ್ಟೇ ಬರೆಯುವುದು ದಾಖಲೆಯ ಲೋಪವಾಗುತ್ತದೆ. ವಿಫಲವಾದ ಓಟವೂ ಕಾರಣಸಹಿತವಾಗಿ ಪುಸ್ತಕದಲ್ಲಿ ಉಳಿಯಬೇಕು.

ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ಪ್ರಕರಣ ಇದರ ಸಾಮಾಜಿಕ ಮುಖವನ್ನು ತೋರಿಸುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಮೂಲಕ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಕುರಿತು 2001ರಲ್ಲಿ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್ಮೆಂಟ್ ನಡೆಸಿದ ವಿಶ್ಲೇಷಣೆಯು ಗ್ರಾಮದ ಮಾದರಿಗಳಲ್ಲಿ ಅತಿಹೆಚ್ಚಿನ ಉಳಿಕೆಯನ್ನು ವರದಿ ಮಾಡಿತು. ತೋಟಗಳ ಒಡೆತನ ಹೊಂದಿದ್ದ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ ಮಾಡಿಸಿದ ಅಧ್ಯಯನ ಇದಕ್ಕೆ ವಿರುದ್ಧವಾದ ಚಿತ್ರ ಕೊಟ್ಟಿತು. ರೋಗದಿಂದ ನರಳುತ್ತಿದ್ದ ಕುಟುಂಬಗಳ ಪಾಲಿಗೆ ವಾದವು ಪ್ರಯೋಗಾಲಯಗಳ ಮೇಲಿನ ನಂಬಿಕೆಯ ಪ್ರಶ್ನೆಯಾಗಿ ಮಾರ್ಪಟ್ಟಿತು.

ಸುರಕ್ಷತೆ ಮತ್ತು ತ್ಯಾಜ್ಯ

ಕೃಷಿ ಪ್ರಯೋಗಾಲಯಗಳಿಗೆ ಅವುಗಳದೇ ಆದ ಅಪಾಯಗಳಿವೆ. ಸಸ್ಯ ಮಾದರಿಗಳನ್ನು ನೈಟ್ರಿಕ್ ಮತ್ತು ಪರ್ಕ್ಲೋರಿಕ್ ಆಮ್ಲಗಳಲ್ಲಿ ಜೀರ್ಣಿಸುವಾಗ ಮೊದಲು ನೈಟ್ರಿಕ್ ಆಮ್ಲದಲ್ಲಿ ಪೂರ್ವಜೀರ್ಣ ಮಾಡದೆ, ಅಥವಾ ಫ್ಲಾಸ್ಕ್ ಪೂರ್ತಿ ಒಣಗುವವರೆಗೆ ಕಾಯಿಸಿದರೆ ಸ್ಫೋಟ ಸಂಭವಿಸಬಹುದು. ವಾಕ್ಲಿ-ಬ್ಲ್ಯಾಕ್ ವಿಧಾನದ ಪ್ರತಿ ಮಾದರಿಗೂ 10 ಮಿಲಿಲೀಟರ್ ಡೈಕ್ರೋಮೇಟ್ ದ್ರಾವಣ ಮತ್ತು 20 ಮಿಲಿಲೀಟರ್ ಸಾಂದ್ರ ಗಂಧಕಾಮ್ಲ ಬೇಕಾಗುವುದರಿಂದ, ಸಾವಿರ ಮಾದರಿಗಳ ಹಂಗಾಮಿನಲ್ಲಿ 20 ಲೀಟರ್ ಆಮ್ಲವೂ ಕ್ರೋಮಿಯಂ ಬೆರೆತ ತ್ಯಾಜ್ಯವೂ ಸಂಗ್ರಹವಾಗುತ್ತದೆ. ಅದನ್ನು ತೊಟ್ಟಿಗೆ ಸುರಿಯುವಂತಿಲ್ಲ.

ಭಾರತದಲ್ಲಿ

ಕೇಂದ್ರ ಸಚಿವ ಸಂಪುಟದ ಅನುಮೋದನೆಯೊಂದಿಗೆ 2002ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿ ರಾಷ್ಟ್ರೀಯ ಜಿಎಲ್‌ಪಿ ಅನುಸರಣೆ ಮೇಲ್ವಿಚಾರಣಾ ಪ್ರಾಧಿಕಾರ ಸ್ಥಾಪನೆಯಾಯಿತು. 2011ರ ಮಾರ್ಚ್ 3ರಂದು ಭಾರತವು ಪರಸ್ಪರ ದತ್ತಾಂಶ ಸ್ವೀಕಾರ ವ್ಯವಸ್ಥೆಯ ಪೂರ್ಣ ಅನುಸರಣಾ ದೇಶವಾಯಿತು. ಪ್ರಮಾಣೀಕರಣ ಸ್ವಯಂಪ್ರೇರಿತವಾದುದು. ಪ್ರಯೋಗಾಲಯವೊಂದರ ಪರೀಕ್ಷಾ ಸಾಮರ್ಥ್ಯವನ್ನು ಮಾನ್ಯ ಮಾಡುವ ಎನ್‌ಎಬಿಎಲ್ ಮಾನ್ಯತೆ ಇದಕ್ಕಿಂತ ಬೇರೆ. ಅದು ಐಎಸ್‌ಒ/ಐಇಸಿ 17025 ಮಾನಕವನ್ನು ಆಧರಿಸಿದೆ. ಇವೆರಡನ್ನೂ ಒಂದೆಂದು ಭಾವಿಸುವುದು ಸಾಮಾನ್ಯ.

ಬೆಂಗಳೂರು, ಧಾರವಾಡ, ರಾಯಚೂರು ಕೃಷಿ ವಿಶ್ವವಿದ್ಯಾನಿಲಯಗಳು ಸೇರಿದಂತೆ ದೇಶದ ಕೃಷಿ ವಿಶ್ವವಿದ್ಯಾನಿಲಯಗಳಿಗಾಗಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ರೂಪಿಸಿರುವ ಸ್ನಾತಕೋತ್ತರ ಪಠ್ಯಕ್ರಮದಲ್ಲಿ ‘ಪ್ರಯೋಗಾಲಯ ತಂತ್ರಗಳ ಮೂಲ ಪರಿಕಲ್ಪನೆಗಳು’ (ಪಿಜಿಎಸ್ 504) ಎಂಬ ಪ್ರಾಯೋಗಿಕ ಪಾಠವಿದೆ. ಬ್ಯುರೆಟ್, ಪಿಪೆಟ್‌ಗಳ ಬಳಕೆ, ಗಾಜಿನ ಸಾಮಾನಿನ ಶುದ್ಧೀಕರಣ, ದ್ರಾವಣ ಮತ್ತು ಬಫರ್‌ಗಳ ತಯಾರಿ, ಕೃಷಿ ರಾಸಾಯನಿಕಗಳ ಪ್ರಮಾಣದ ಲೆಕ್ಕ, ಬೀಜದ ಜೀವಂತಿಕೆಯ ಪರೀಕ್ಷೆ, ವಿದ್ಯುತ್ ತಂತಿ ಮತ್ತು ಭೂಸಂಪರ್ಕದವರೆಗೆ ಅದರ ವ್ಯಾಪ್ತಿಯಿದೆ. ಸಂಶೋಧನಾ ನೀತಿಯನ್ನು ಕಲಿಸಲು ಬೇರೊಂದು ಪಾಠವಿದೆ. ಕೈಚಳಕ ಒಂದು ಪಾಠದಲ್ಲಿ, ಪ್ರಾಮಾಣಿಕತೆ ಮತ್ತೊಂದರಲ್ಲಿ ಇರುವ ಈ ವಿಂಗಡಣೆಯಲ್ಲಿ, ಎರಡನ್ನೂ ಬೆಸೆಯುವ ದಾಖಲೆಯ ಶಿಸ್ತನ್ನು ಕಲಿಸುವ ಹೊಣೆ ಬಹುಮಟ್ಟಿಗೆ ಮಾರ್ಗದರ್ಶಕರ ಮೇಲೆಯೇ ಉಳಿಯುತ್ತದೆ. ಪದವಿ ಮುಗಿದ ಮೇಲೆ ಮಹಾಪ್ರಬಂಧವು ಗ್ರಂಥಾಲಯವನ್ನೂ ‘ಕೃಷಿಕೋಶ’ ಎಂಬ ಅಂತರಜಾಲ ಭಂಡಾರವನ್ನೂ ಸೇರುತ್ತದೆ; ಅದರ ಹಿಂದಿನ ಪ್ರಯೋಗ ಪುಸ್ತಕ ಹಲವೊಮ್ಮೆ ವಿದ್ಯಾರ್ಥಿಯ ಪೆಟ್ಟಿಗೆಯಲ್ಲಿ ಊರಿಗೆ ಹೋಗುತ್ತದೆ. ಪುಸ್ತಕಕ್ಕೆ ಕ್ರಮಸಂಖ್ಯೆ ಕೊಟ್ಟು ವಿಭಾಗದ ಆಸ್ತಿಯಾಗಿ ನೀಡಿ, ಬೇಬಾಕಿ ಪತ್ರ ಕೊಡುವಾಗ ಮರಳಿ ಪಡೆಯುವ ಕ್ರಮ ಖರ್ಚಿಲ್ಲದ ಪರಿಹಾರವಾಗಿದೆ.

ಮೂಲಭೂತ ಸಂಶೋಧನೆ ಜಿಎಲ್‌ಪಿಯ ಕಾನೂನು ವ್ಯಾಪ್ತಿಗೆ ಸೇರದ ಕಾರಣ, ಅದಕ್ಕೆ ಹೊಂದುವ ಹಗುರವಾದ ನಿಯಮಾವಳಿಯ ಅಗತ್ಯವನ್ನು ಹಲವರು ಕಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಉಷ್ಣವಲಯದ ರೋಗಗಳ ಸಂಶೋಧನಾ ಕಾರ್ಯಕ್ರಮವು ಜೈವಿಕ ವೈದ್ಯಕೀಯ ಕ್ಷೇತ್ರಕ್ಕಾಗಿ 2006ರಲ್ಲಿ ಅಂತಹ ಕೈಪಿಡಿಯೊಂದನ್ನು ಹೊರತಂದಿತು. ಅದರ ಬಹುಪಾಲು ಸಲಹೆಗಳು ಕೃಷಿ ಪ್ರಯೋಗಾಲಯಕ್ಕೂ ಒಗ್ಗುತ್ತವೆ.

ಮಿತಿಗಳು ಮತ್ತು ಟೀಕೆ

ದಾಖಲೆ ಪರಿಪೂರ್ಣವಾಗಿದ್ದ ಮಾತ್ರಕ್ಕೆ ವಿಜ್ಞಾನ ಸರಿಯಾಗಿರಬೇಕೆಂದಿಲ್ಲ. ತಪ್ಪು ಪ್ರಶ್ನೆ ಕೇಳಿದ, ಸೂಕ್ಷ್ಮತೆ ಸಾಲದ ಹಳೆಯ ವಿಧಾನ ಬಳಸಿದ ಅಧ್ಯಯನವೂ ಜಿಎಲ್‌ಪಿಯ ಎಲ್ಲ ನಿಯಮಗಳನ್ನು ಪಾಲಿಸಬಹುದು. 2009ರಲ್ಲಿ ಬಿಸ್ಫೀನಾಲ್-ಎ ರಾಸಾಯನಿಕದ ಚರ್ಚೆಯ ಸಂದರ್ಭದಲ್ಲಿ ಎನ್ವಿರಾನ್ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್ ಪತ್ರಿಕೆಯಲ್ಲಿ ಹಲವು ವಿಜ್ಞಾನಿಗಳು ಇದೇ ಆಕ್ಷೇಪ ಎತ್ತಿದರು. ಜಿಎಲ್‌ಪಿ ಮುದ್ರೆಯಿರುವ ಉದ್ಯಮಗಳ ಅಧ್ಯಯನಗಳಿಗೆ ನಿಯಂತ್ರಕರು ಹೆಚ್ಚಿನ ತೂಕ ಕೊಟ್ಟು, ವಿಶ್ವವಿದ್ಯಾನಿಲಯಗಳ ಸಂಶೋಧನೆಯನ್ನು ಬದಿಗಿಡುತ್ತಾರೆ ಎಂಬುದು ಅವರ ದೂರು. ಪ್ರತ್ಯೇಕ ಗುಣಮಟ್ಟ ಖಾತರಿ ವಿಭಾಗ, ದಾಖಲಾಗಾರಗಳ ಖರ್ಚನ್ನು ಸಣ್ಣ ವಿಭಾಗಗಳು ಭರಿಸಲಾರವೆಂಬುದೂ ನಿಜ.

ಯೋಜನೆಯಲ್ಲಿಲ್ಲದುದನ್ನು ಯಾವ ಗುಣಮಟ್ಟ ವ್ಯವಸ್ಥೆಯೂ ಹುಡುಕುವುದಿಲ್ಲ. ಭಾರತದ ದ್ರಾಕ್ಷಿ ರಫ್ತಿಗೆ 2006ರಿಂದಲೇ ‘ಗ್ರೇಪ್‌ನೆಟ್’ ಎಂಬ ಪತ್ತೆ ವ್ಯವಸ್ಥೆಯಿದ್ದು, ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಪ್ರಯೋಗಾಲಯ ಅದರ ಮೇಲ್ವಿಚಾರಣೆ ನಡೆಸುತ್ತಿತ್ತು. ಆದರೂ 2010ರಲ್ಲಿ ಯುರೋಪಿಗೆ ಹೋದ ದ್ರಾಕ್ಷಿಯಲ್ಲಿ ಬೆಳವಣಿಗೆ ನಿಯಂತ್ರಕವಾದ ಕ್ಲೋರ್ಮೆಕ್ವಾಟ್ ಕ್ಲೋರೈಡ್‌ನ ಉಳಿಕೆ ಪತ್ತೆಯಾಗಿ ಸರಕು ತಿರಸ್ಕೃತವಾಯಿತು. ಬೆಳೆಗಾರರು ಭಾರೀ ನಷ್ಟ ಅನುಭವಿಸಿದರು. ಭಾರತದ ಪ್ರಯೋಗಾಲಯಗಳು ಪರೀಕ್ಷಿಸಬೇಕಿದ್ದ ರಾಸಾಯನಿಕಗಳ ಪಟ್ಟಿಯಲ್ಲಿ ಆಗ ಅದರ ಹೆಸರಿರಲಿಲ್ಲ.